ಹಣ ಕೊಟ್ಟು ಯುದ್ಧ ನಿಲ್ಲಿಸೋಕಾಗುತ್ತಾ? (ಭಾಗ 4)

ಯುದ್ಧ ಬೇಡ ಅನ್ನೋರೆಲ್ಲ ಒಂದೇ ಕಡೆ ಇರ್ತಾರೆ ಅಂದ್ಕೊಂಡಿದ್ರೆ, 2007ರ ಮಾರ್ಚ್ ತಿಂಗಳ ವಾಷಿಂಗ್ಟನ್ ನೋಡಿ. ಇರಾಕ್ ಯುದ್ಧಕ್ಕೆ ಆಗ ನಾಲ್ಕು ವರ್ಷ. ಹಿಂದಿನ ನವೆಂಬರ್‌ನಲ್ಲಿ ಜನ ಡೆಮಾಕ್ರಟಿಕ್ ಪಕ್ಷವನ್ನ ಗೆಲ್ಲಿಸಿದ್ದಕ್ಕೆ ಈ ಯುದ್ಧದ ಮೇಲಿನ ಸಿಟ್ಟೇ ದೊಡ್ಡ ಕಾರಣ. ಅಧ್ಯಕ್ಷ ಬುಷ್ ಮಾತ್ರ ಜನವರಿಯಲ್ಲಿ, ಇನ್ನೂ 20,000ಕ್ಕೂ ಹೆಚ್ಚು ಸೈನಿಕರನ್ನ ಕಳಿಸ್ತೀನಿ ಅಂದ್ರು.

ಸ್ಪೀಕರ್ ನ್ಯಾನ್ಸಿ ಪೆಲೋಸಿ ಒಂದು ಮಸೂದೆ ತಂದ್ರು. ಸುಮಾರು 124 ಬಿಲಿಯನ್ ಡಾಲರ್, ಬಹುಪಾಲು ಯುದ್ಧದ ಖರ್ಚಿಗೆ. ಜೊತೆಗೆ ಒಂದು ಷರತ್ತು: 2008ರ ಆಗಸ್ಟ್ ಮುಗಿಯೋದ್ರೊಳಗೆ ಕಾದಾಡೋ ಪಡೆ ವಾಪಸ್ ಬರಬೇಕು. ಅದೇ ಪಕ್ಷದ ಬಾರ್ಬರಾ ಲೀ ಬೇರೆ ದಾರಿ ಹೇಳಿದ್ರು. 2007ರಲ್ಲೇ ಎಲ್ಲರೂ ವಾಪಸ್, ಹಣ ಅವರನ್ನ ಸುರಕ್ಷಿತವಾಗಿ ಕರೆತರೋಕೆ ಮಾತ್ರ. ಅದನ್ನ ಸದನದಲ್ಲಿ ಮತಕ್ಕೇ ಹಾಕಲಿಲ್ಲ.

ಆ ದಿನಗಳ ಒಂದು ವಿಡಿಯೋ ಯೂಟ್ಯೂಬ್‌ನಲ್ಲಿ ಓಡಾಡ್ತು. ಮಸೂದೆಯ ಹೊಣೆ ಹೊತ್ತಿದ್ದ ಸಮಿತಿ ಅಧ್ಯಕ್ಷ ಡೇವಿಡ್ ಓಬಿಯನ್ನ ಸೈನಿಕನ ತಾಯಿಯೊಬ್ಬರು ಕಾರಿಡಾರ್‌ನಲ್ಲಿ ನಿಲ್ಲಿಸಿ, ಹಣ ಯಾಕೆ ನಿಲ್ಲಿಸಲ್ಲ ಅಂತ ಕೇಳ್ತಾರೆ. ಓಬಿ ಕೂಗಾಡಿಬಿಡ್ತಾರೆ. ಹಣ ನಿಲ್ಲಿಸಿ ಅನ್ನೋ ಉದಾರವಾದಿಗಳನ್ನ ಮೂರ್ಖರು ಅಂತಾರೆ, ನಮ್ಮ ಹತ್ರ ಅಷ್ಟು ಮತಾನೇ ಇಲ್ಲ ಅಂತಾರೆ. ಆಮೇಲೆ ಕ್ಷಮೆ ಕೇಳಿದ್ರು. ಗಮನಿಸಿ, ಓಬಿ ಕೂಡ ಯುದ್ಧ ವಿರೋಧಿಯೇ. ಮತದ ಲೆಕ್ಕವೂ ತಪ್ಪಿರಲಿಲ್ಲ.

ಮೂವ್‌ಆನ್ ಅನ್ನೋ ದೊಡ್ಡ ಸಂಘಟನೆ ತನ್ನ ಸದಸ್ಯರನ್ನ ಕೇಳ್ತು. ಬಹುಪಾಲು ಜನ ಪೆಲೋಸಿ ಮಸೂದೆಗೆ ಹೂಂ ಅಂದ್ರು. ಆದ್ರೆ ಆ ಪೋಲ್‌ನಲ್ಲಿ ಲೀ ಅವರ ದಾರಿ ಆಯ್ಕೆಯಾಗಿ ಇರ್ಲೇ ಇಲ್ಲ ಅಂತ ಬೇರೆ ಯುದ್ಧವಿರೋಧಿಗಳು ಸಿಟ್ಟಾದ್ರು. ಸ್ಟೋರಿಯಲ್ಲಿ ದಿನಾ ಪೋಲ್ ಹಾಕೋ ನಿಮಗೆ ಇದು ಬಿಡಿಸಿ ಹೇಳ್ಬೇಕಾ?

ಮಾರ್ಚ್ 23. ಮಸೂದೆ 218–212ರಲ್ಲಿ ಪಾಸ್. ಇದು ಸಾಕಾಗಲ್ಲ ಅಂತ ವಿರುದ್ಧ ಮತ ಹಾಕಿದ ಯುದ್ಧವಿರೋಧಿ ಡೆಮಾಕ್ರಟರು ಎಂಟೇ ಜನ. ಲೀ, ಮ್ಯಾಕ್ಸೀನ್ ವಾಟರ್ಸ್, ಕುಸಿನಿಚ್, ಮಾರ್ಟಿನ್ ಲೂಥರ್ ಕಿಂಗ್ ಜೊತೆ ನಡೆದಿದ್ದ ಜಾನ್ ಲೂಯಿಸ್ ಇವರೆಲ್ಲ ಅದರಲ್ಲಿದ್ರು. ಲೀ, ವಾಟರ್ಸ್ ಮನಸ್ಸು ಮಾಡಿದ್ರೆ ಇನ್ನೂ ಕೆಲವರನ್ನ ಎಳೆದು ಮಸೂದೆ ಬೀಳಿಸಬಹುದಿತ್ತು. ಮಾಡಲಿಲ್ಲ. ನಾವು ಬೇಡ ಅಂತೀವಿ, ನಿಮ್ಮನ್ನ ತಡೆಯಲ್ಲ ಅಂದ್ರು.

ಹೂಂ ಅಂದವರನ್ನ ದ್ರೋಹಿಗಳು ಅನ್ನೋಕೆ ನಾನು ತಯಾರಿಲ್ಲ. ಅವರ ವಾದ ಸುಲಭ: ಇದು ಬಿದ್ರೆ ರಿಪಬ್ಲಿಕನ್ನರೂ ಕೆಲವು ಡೆಮಾಕ್ರಟರೂ ಸೇರಿ ಷರತ್ತೇ ಇಲ್ಲದ ಹಣ ಕೊಟ್ಬಿಡ್ತಾರೆ. ಸರಿ. ಆದ್ರೆ ವೀಟೋ ಮಾಡ್ತೀನಿ ಅಂತ ಬುಷ್ ಮೊದಲೇ ಹೇಳಿದ್ರಲ್ಲ, ಅದಾದ ಮೇಲೆ ಏನು ಅನ್ನೋದಕ್ಕೆ ಇವರ ಹತ್ರ ಉತ್ತರ ಎಲ್ಲಿತ್ತು? ಮೇ 1ಕ್ಕೆ ವೀಟೋ ಬಿತ್ತು. ಮೇ ಕೊನೆಗೆ ಗಡುವೇ ಇಲ್ಲದ ಮಸೂದೆ 280–142ರಲ್ಲಿ ಪಾಸಾಯ್ತು, ರಿಪಬ್ಲಿಕನ್ನರೂ ಕೆಲವು ಡೆಮಾಕ್ರಟರೂ ಸೇರಿಯೇ. ಮಾರ್ಚ್‌ನಲ್ಲಿ ಯಾವ ಭಯ ತೋರಿಸಿ ಹೂಂ ಅನ್ನಿಸಿದ್ರೋ, ಎರಡೇ ತಿಂಗಳಲ್ಲಿ ಅದೇ ನಡೀತು. ಈ ಸಲ ಬೇಡ ಅಂದವರಲ್ಲಿ ಪೆಲೋಸಿಯೂ ಇದ್ರು!

ನನ್ನ ಪ್ರಕಾರ ಬಲವಾದ ವಾದ ಇನ್ನೊಂದಿತ್ತು: ಮಸೂದೆಯನ್ನೇ ಕಳಿಸಬೇಡಿ. ಕೈಗೆ ಬರದ ಮಸೂದೆಗೆ ವೀಟೋ ಹಾಕೋಕಾಗಲ್ಲ. ಸೈನಿಕರನ್ನ ಗುಂಡಿಲ್ಲದೆ ಬಿಟ್ರು ಅನ್ನೋ ಬೈಗುಳ ಬರ್ತಿತ್ತು, ನಿಜ. ಆದ್ರೆ ಕರೆತರೋಕೆ ಹಣ ಇಡಿ ಅಂತ ಲೀ ಹೇಳಿದ್ದೇ ಅದಕ್ಕೆ ಉತ್ತರ.

ಇನ್ನೊಂದು ತಕರಾರು ನನಗೆ ಎರಡೂ ಬಣದ ಮೇಲಿದೆ. ಸಮಾರಾದ ಮಸೀದಿ ಸ್ಫೋಟ ಆಗಿ ಒಂದು ವರ್ಷ ಆಗಿತ್ತು, ಬಾಗ್ದಾದ್‌ನಲ್ಲಿ ಶಿಯಾ-ಸುನ್ನಿ ಕೊಲೆಗಳು ನಡೀತಾನೇ ಇದ್ವು. ಸೈನ್ಯ ಹೋದ ಮೇಲೆ ಅಲ್ಲಿನವರ ಗತಿ ಏನು ಅನ್ನೋ ಪ್ರಶ್ನೆಯನ್ನ ಬುಷ್ ಕಡೆಯವರ ಬಾಯಿಗೆ ಬಿಟ್ಟುಕೊಟ್ಟಿದ್ದು ದೊಡ್ಡ ತಪ್ಪು. ಇರೋದ್ರಿಂದಲೂ ಸಾವು ನಿಂತಿರಲಿಲ್ಲ ಅಂತ ಇವರೇ ಮೊದಲು ಹೇಳಬೇಕಿತ್ತು.

ಅಮೆರಿಕದ ಸೈನಿಕರು ಆ ಯುದ್ಧದಲ್ಲಿ ಅತಿ ಹೆಚ್ಚು ಸತ್ತ ವರ್ಷ 2007. ಪಡೆ ವಾಪಸ್ ಬಂದಿದ್ದು 2011ರ ಡಿಸೆಂಬರ್‌ನಲ್ಲಿ.

ಕಾಮೆಂಟ್‌ನಲ್ಲಿ ಹೇಳಿ: ಮಾರ್ಚ್ 23ಕ್ಕೆ ಆ ಸದನದಲ್ಲಿ ನೀವಿದ್ದಿದ್ರೆ ಯಾವ ಬಟನ್ ಒತ್ತುತಿದ್ರಿ? "ಎರಡೂ ಸರಿ" ಅನ್ನೋ ಬಟನ್ ಅಲ್ಲಿರಲಿಲ್ಲ.