ಬಿಲ್ಲೆಯ ನೆನಪು

ವೈಕುಂಠ ಏಕಾದಶಿಯಂದು ರಾಜಾಜಿನಗರದ ದೇವಾಲಯಗಳಿಗೆ ಹೋದವರು ಪಾದರಕ್ಷೆ ಕಾಯುವವನನ್ನು ಕಂಡಿರಬೇಕು. ಅವನು ಯಾರ ಮುಖವನ್ನೂ ನೋಡುವುದಿಲ್ಲ. ಚಪ್ಪಲಿಯನ್ನು ಗೂಡಿನಲ್ಲಿರಿಸಿ ಸಂಖ್ಯೆಯ ಬಿಲ್ಲೆಯೊಂದನ್ನು ಕೈಗಿಡುತ್ತಾನೆ. ಮರಳಿ ಬಂದಾಗಲೂ ಬಿಲ್ಲೆಯನ್ನೇ ನೋಡುತ್ತಾನೆ. ಬಂದಾತ ಜಿಲ್ಲಾಧಿಕಾರಿಯಾದರೂ ಸರಿಯೆ, ಬಿಲ್ಲೆಯಿಲ್ಲದಿದ್ದರೆ ಬರಿಗಾಲೇ ಗತಿ.

ಅಂತರಜಾಲದ ವ್ಯವಹಾರವೂ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ. ಬಸವೇಶ್ವರನಗರದ ಗೃಹಿಣಿಯೊಬ್ಬರು ಮೈಸೂರಿನ ಬಸ್ಸಿಗೆ ಮನೆಯಲ್ಲಿಯೇ ಕುಳಿತು ಆಸನ ಕಾದಿರಿಸುತ್ತಾರೆನ್ನಿ. ಊರು, ವೇಳೆ, ಆಸನ, ಹಣ—ಅವರಿಗೆ ಇದೆಲ್ಲ ಒಂದೇ ಸಂಭಾಷಣೆ. ಅತ್ತಲಿನ ಯಂತ್ರಕ್ಕಾದರೋ ನಾಲ್ಕು ಬಿಡಿ ಪ್ರಶ್ನೆಗಳು. ಟಿಮ್ ಬರ್ನರ್ಸ್-ಲೀ 1990ರ ಸುಮಾರಿಗೆ ರೂಪಿಸಿದ ಎಚ್‌ಟಿಟಿಪಿ ಎಂಬ ನಿಯಮಾವಳಿಯಲ್ಲಿ ಹಿಂದಿನ ಮಾತನ್ನು ನೆನಪಿಡುವ ಏರ್ಪಾಡೇ ಇರಲಿಲ್ಲ. ಉತ್ತರಿಸಿದೊಡನೆ ಮರೆಯುವುದು ಅದರ ಸ್ವಭಾವ. ಇದನ್ನು ದೋಷವೆನ್ನಲಾಗದು, ಲಕ್ಷಾಂತರ ಜನರಿಗೆ ಉತ್ತರಿಸಬೇಕಾದ ಯಂತ್ರಕ್ಕೆ ಮರೆವು ಒಂದು ವರವೇ. ಆದರೆ ಗಿರಾಕಿಯ ಬುಟ್ಟಿಯಲ್ಲಿ ಏನಿದೆಯೆಂಬುದನ್ನೇ ಮರೆತರೆ ಅಂಗಡಿ ನಡೆಯುವುದೆಂತು? 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಬಿಲ್ಲೆಯ ಉಪಾಯವನ್ನೇ ಹೂಡಿದರು. ಅದರ ಹೆಸರು ಕುಕಿ. ಯಂತ್ರವು ತನ್ನ ಉತ್ತರದೊಡನೆ ಗುರುತಿನ ಅಕ್ಷರಮಾಲೆಯೊಂದನ್ನು ಕಳುಹಿಸುತ್ತದೆ. ಬ್ರೌಸರ್ ಮುಂದಿನ ಪ್ರತಿಯೊಂದು ಪ್ರಶ್ನೆಯೊಡನೆಯೂ ಅದನ್ನು ತೋರಿಸುತ್ತದೆ. ಆಯ್ದ ಆಸನದ ವಿವರ ಅತ್ತಲಿನ ಗೂಡಿನಲ್ಲಿಯೇ ಇರುತ್ತದೆ.

ಬ್ರೌಸರಿಗೆ ಈ ಶಿಷ್ಟಾಚಾರ ಈಗ ಹುಟ್ಟುಗುಣ. ಒಂದು ತಂತ್ರಾಂಶವೇ ಇನ್ನೊಂದು ಯಂತ್ರವನ್ನು ಕರೆದು ಕೇಳುವಲ್ಲಿ—ವೆಬ್ ಸೇವೆಯೆಂದರೆ ಇದೇ—ತೊಡಕು ಹುಟ್ಟುತ್ತದೆ. ಜಾವಾ ಭಾಷೆಯ ಜಾಕ್ಸ್-ಡಬ್ಲ್ಯುಎಸ್ ಎಂಬ ಸಲಕರಣೆಯು, ಬರೆಯುವವರು ಸ್ಪಷ್ಟವಾಗಿ ಹೇಳದ ಹೊರತು, ಬಿಲ್ಲೆಯನ್ನು ಉಳಿಸಿಕೊಳ್ಳುವುದಿಲ್ಲ. ಮೊದಲ ಕರೆಗೆ ಆದರದ ಸ್ವಾಗತ. ಎರಡನೆಯ ಕರೆಗೆ ‘ತಾವು ಯಾರು?’ ಎಂಬ ಪ್ರಶ್ನೆ. ಪಾಪ, ಬರೆದವರು ಲೆಕ್ಕವನ್ನೆಲ್ಲ ಶೋಧಿಸುತ್ತ ರಾತ್ರಿ ಕಳೆಯುತ್ತಾರೆ. ಬೇಕಾಗಿದ್ದುದು ಒಂದೇ ಸಾಲು.

ವಿವರವನ್ನೆಲ್ಲ ಬಿಲ್ಲೆಯ ಮೇಲೆಯೇ ಬರೆದು ಮುದ್ರೆಯೊತ್ತಿ ಕೊಡುವ ಕ್ರಮವೂ ಉಂಟು. ವಿಜಯನಗರದಿಂದ ಕೆಂಗೇರಿಯ ಕಾಲೇಜಿಗೆ ಹೋಗುವ ಹುಡುಗನ ಬಸ್ ಪಾಸಿನಂತೆ! ಕಂಡಕ್ಟರು ಯಾವ ಖಾತೆಪುಸ್ತಕವನ್ನೂ ತೆರೆಯಬೇಕಾಗಿಲ್ಲ. ಆದರೆ ಕೊಟ್ಟ ಪಾಸನ್ನು ಅವಧಿಗೆ ಮೊದಲೇ ರದ್ದುಮಾಡುವುದು ಸುಲಭವಲ್ಲ.

ಬಿಲ್ಲೆ ಯಾವ ಬಗೆಯದಾದರೂ, ಅದು ಯಾರ ಕೈಯಲ್ಲಿದೆಯೋ ಅವರೇ ಒಡೆಯರು. ಕಂಪ್ಯೂಟರ್ ಕೇಂದ್ರದಲ್ಲಿ ಬ್ಯಾಂಕಿನ ಖಾತೆ ತೆರೆದು, ಲಾಗೌಟ್ ಮಾಡದೆ ಎದ್ದುಹೋದವರು ಬಿಲ್ಲೆಯನ್ನು ಮೇಜಿನ ಮೇಲೆಯೇ ಬಿಟ್ಟಂತೆ. ಮುಂದೆ ಕುಳಿತವನ ಮುಖ ಯಂತ್ರಕ್ಕೆ ಕಾಣದು. ಈ ಭಯದಿಂದಲೇ ಬಿಲ್ಲೆಗೆ ಕೆಲವೇ ನಿಮಿಷಗಳ ಆಯುಸ್ಸನ್ನು ವಿಧಿಸುವುದು.

ಬಸವೇಶ್ವರನಗರದ ಆ ಗೃಹಿಣಿ ಆಸನವನ್ನು ಆರಿಸಿ, ಹಾಲು ಉಕ್ಕೀತೆಂದು ಅಡುಗೆಮನೆಗೆ ಓಡಿದರು. ಅಲ್ಲಿಯೇ ಅತ್ತೆಯವರಿಗೆ ಕಾಫಿ ಬೆರೆಸಿಕೊಟ್ಟು ಮರಳುವಷ್ಟರಲ್ಲಿ ಪರದೆಯ ಮೇಲೆ ‘ಅವಧಿ ಮುಗಿದಿದೆ’ ಎಂದಿತ್ತು. ಮತ್ತೆ ಮೊದಲಿನಿಂದ ಆರಂಭಿಸಿದರು. ಕಿಟಕಿಯ ಪಕ್ಕದ ಆಸನ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು.