ತೇಪೆ ಹಾಕದವನೇ ತಪ್ಪಿತಸ್ಥನೆ?

2001ರ ಜುಲೈ 19ರಂದು ‘ಕೋಡ್ ರೆಡ್’ ಎಂಬ ಹುಳು ಹದಿನಾಲ್ಕು ಗಂಟೆಗಳೊಳಗೆ ಸುಮಾರು 3,59,000 ಗಣಕಗಳನ್ನು ಹೊಕ್ಕಿತು. ಮೈಕ್ರೋಸಾಫ್ಟ್‌ನ ಐಐಎಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ದೋಷವೇ ಅದಕ್ಕೆ ಬಾಗಿಲು. ‘ತೇಪೆಯನ್ನು ಜೂನ್ 18ರಂದೇ ಕೊಟ್ಟಿದ್ದರಲ್ಲ, ಹಾಕಿಕೊಳ್ಳದವರದೇ ತಪ್ಪು’ ಎಂಬ ವಾದವನ್ನು ಇಂದಿಗೂ ಕೇಳುತ್ತೇನೆ. ನಾನಿದನ್ನು ಒಪ್ಪಲಾರೆ.

ಶಾಲೆಯ ಪ್ರವೇಶ ದಾಖಲಾತಿ ವಹಿಯನ್ನು ನೆನೆಯಿರಿ. ಹೆಸರಿನ ಕಲಮಿನಲ್ಲಿ ಇಪ್ಪತ್ತು ಅಕ್ಷರಕ್ಕೆ ಸ್ಥಳ. ಯಾವನೋ ಇನ್ನೂರು ಅಕ್ಷರದ ಹೆಸರು ಹೇಳುತ್ತಾನೆ. ಗುಮಾಸ್ತ ಎಣಿಸದೆ ಬರೆಯುತ್ತ ಹೋಗುತ್ತಾನೆ. ಬರಹವು ಪಕ್ಕದಲ್ಲಿರುವ ಮುಖ್ಯೋಪಾಧ್ಯಾಯರ ಆದೇಶದ ಕಲಮಿಗೆ ಹರಿಯುತ್ತದೆ. ಮರುದಿನ ಜವಾನ ಅದನ್ನೇ ಆದೇಶವೆಂದು ಭಾವಿಸಿ ಬೀರುವಿನ ಬೀಗ ತೆರೆದುಕೊಡುತ್ತಾನೆ. ಬಫರ್ ಓವರ್‌ಫ್ಲೋ ಎಂದರೆ ಇಷ್ಟೆ. ಕೋಡ್ ರೆಡ್ ಕಳುಹಿಸಿದ್ದೂ ‘ಎನ್’ ಅಕ್ಷರದ ಉದ್ದನೆಯ ಸಾಲು, ಅದರ ಬೆನ್ನಿಗೆ ಯಂತ್ರಕ್ಕೆ ಆಜ್ಞೆ.

ಇದು ಹೊಸ ಪಾಠವೇ? 1988ರ ನವೆಂಬರಿನಲ್ಲಿಯೇ ಮಾರಿಸ್ ಹುಳು ‘ಫಿಂಗರ್’ ಸೇವೆಯ 512 ಬೈಟ್‌ಗಳ ಸ್ಥಳವನ್ನು ಹೀಗೆಯೇ ಮೀರಿತ್ತು. ಉದ್ದ ನೋಡದೆ ಓದಿಕೊಳ್ಳುವ, ಅಂದಿನ ಅನಾಹುತಕ್ಕೆ ಎಡೆಮಾಡಿದ ‘ಗೆಟ್ಸ್’ ಎಂಬ ಫಂಕ್ಷನ್ನನ್ನು ಸಿ ಭಾಷೆಯ ಮಾನಕದಿಂದ ಕೈಬಿಟ್ಟದ್ದು 2011ರಲ್ಲಿ! ಇಪ್ಪತ್ತಮೂರು ವರ್ಷ. (ನನ್ನ ತರಗತಿಯಲ್ಲಿ ಅಷ್ಟು ಸಲ ನಪಾಸಾದವರು ಯಾರೂ ಇರಲಿಲ್ಲ.)

ಇನ್ನೊಂದು ಮಾತು. ವಿಂಡೋಸ್ 2000 ಸರ್ವರ್‌ನೊಡನೆ ಐಐಎಸ್ ತಾನಾಗಿಯೇ ಸ್ಥಾಪಿತವಾಗುತ್ತಿತ್ತು. ಕೇಳದೆ ಮನೆಯೊಳಗೆ ಬಾಗಿಲೊಂದನ್ನು ಇಟ್ಟು, ಆ ಬಾಗಿಲಿದೆಯೆಂದೇ ಅರಿಯದವನನ್ನು ‘ಚಿಲಕ ಏಕೆ ಹಾಕಲಿಲ್ಲ’ ಎಂದು ಗದರುವುದು ಯಾವ ನ್ಯಾಯ ಸ್ವಾಮಿ?