ಒಬ್ಬಳೇ ಹೋದ ಅಕ್ಕ



ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ಸಣ್ಣ ಕದನವೇ ನಡೆಯಿತು. ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಕೆಲಸದಲ್ಲಿರುವ ನನ್ನ ಕಿರಿಯ ಮಗಳು, ಹತ್ತು ದಿನ ರಜೆ ಹಾಕಿ ಒಬ್ಬಳೇ ವಿಯೆಟ್ನಾಂ ನೋಡಿ ಬರುವೆನೆಂದಳು. "ಒಬ್ಬಳೇ" ಎಂಬ ಮಾತು ಕಿವಿಗೆ ಬಿದ್ದೊಡನೆ ನಾನೂ ನಮ್ಮ ಯಜಮಾನರೂ ಒಕ್ಕೊರಲಿನಿಂದ ಬೇಡವೆಂದೆವು. ಗೆಳತಿಯರೊಡನೆ ಹೋಗು, ಪ್ರವಾಸ ಸಂಸ್ಥೆಯವರ ತಂಡದಲ್ಲಿ ಹೋಗು, ಇಲ್ಲವೇ ಮದುವೆಯಾದ ಮೇಲೆ ಹೋಗು ಎಂದೆವು. ಮೂರನೆಯ ಸಲಹೆಯನ್ನು ಕೊಟ್ಟವಳು ನಾನೇ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಅದೇ ವಾರ ನಮ್ಮ ಬಡಾವಣೆಯ ಅಕ್ಕನ ಬಳಗದಲ್ಲಿ ಅರವತ್ತು ದಾಟಿದ ಸದಸ್ಯೆಯೊಬ್ಬರಿಗೆ ಉಡಿ ತುಂಬಿ ಬೀಳ್ಕೊಟ್ಟೆವು. ಮಗಳ ಬಾಣಂತನಕ್ಕೆಂದು ಅವರು ಒಬ್ಬರೇ ಅಮೆರಿಕಕ್ಕೆ ಹೊರಟಿದ್ದರು. ಇಂಗ್ಲಿಷು ಅಷ್ಟಕ್ಕಷ್ಟೇ, ತವರಿಗೂ ಒಬ್ಬರೇ ಬಸ್ಸು ಹತ್ತಿ ಹೋದವರಲ್ಲ. ಆದರೂ ಸಭೆಯಲ್ಲಿ ಒಬ್ಬರೂ "ಅಯ್ಯೋ, ಒಬ್ಬರೇನಾ?" ಎಂದು ಕೇಳಲಿಲ್ಲ. ಎಲ್ಲರೂ ಕೇಳಿದ್ದು, ಅಂಟಿನುಂಡೆ ಕಟ್ಟಿಯಾಯಿತೇ ಎಂದು.

ಮಾರತ್ತಹಳ್ಳಿಗೆ ಇದು ಹೊಸದಲ್ಲ. ಇಲ್ಲಿಗೆ ಕಂಪನಿಗಳು ಬಂದವು, ಮಕ್ಕಳು ಕಡಲಾಚೆ ಹೋದರು, ಅವರ ಹಿಂದೆ ತಾಯಂದಿರು ಹೋದರು. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಪ್ರಯೋಗ ಬೆಂಗಳೂರಿನಲ್ಲಿ ಮೊದಲಾದ ಮೇಲೆ, ನಮ್ಮ ಹೊರವರ್ತುಲ ರಸ್ತೆಯ ಕೇಂದ್ರದ ಸಾಲಿನಲ್ಲಿ ಸೆರಗು ಹೊದ್ದ ಅಜ್ಜಿಯರನ್ನು ನಾನೇ ಕಂಡಿದ್ದೇನೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಬಾಣಂತನಕ್ಕೆ ಹೋಗಿಬಂದ ಈ ತಾಯಂದಿರ ಪ್ರವಾಸಕಥನಗಳು ಮಾತ್ರ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ.

ಅಂಥದೊಂದು ಕಥೆ ನನ್ನ ಹಿರಿಯಕ್ಕನದು. 2005ರ ಡಿಸೆಂಬರಿನಲ್ಲಿ ಆಕೆ ಮಗಳ ಬಾಣಂತನಕ್ಕೆ ಷಿಕಾಗೋಗೆ ಹೊರಟಳು. ಬೆಂಗಳೂರಿನ ವಿಮಾನ ನಿಲ್ದಾಣ ಆಗಿನ್ನೂ ನಮ್ಮ ಪಕ್ಕದ ಎಚ್.ಎ.ಎಲ್.ನಲ್ಲಿಯೇ ಇತ್ತು, ದೇವನಹಳ್ಳಿಗೆ ಹೋದದ್ದು 2008ರ ಮೇ ತಿಂಗಳಿನಲ್ಲಿ. ಆ ರಾತ್ರಿ ಮಂಜು ಕವಿದು ವಿಮಾನ ಗಂಟೆಗಟ್ಟಲೆ ತಡವಾಯಿತು. ಫ್ರಾಂಕ್‌ಫರ್ಟ್ ತಲುಪುವಷ್ಟರಲ್ಲಿ ಷಿಕಾಗೋ ವಿಮಾನ ಹೋಗಿಯಾಗಿತ್ತು. ಮುಂದಿನದು ಮರುದಿನ. ಅಮೆರಿಕದ ವೀಸಾ ಇದ್ದುದರಿಂದ ನಿಲ್ದಾಣದೊಳಗೆ ಕಾಯಬಹುದಿತ್ತು; ಜರ್ಮನಿಯ ವೀಸಾ ಇಲ್ಲದ್ದರಿಂದ ಹೊರಗಿನ ಹೋಟೆಲಿಗೆ ಹೋಗುವಂತಿರಲಿಲ್ಲ. ಕೈಯಲ್ಲಿ ಮೊಬೈಲಿಲ್ಲ. ಅಳಿಯ ಬರೆದುಕೊಟ್ಟಿದ್ದ ಇಂಗ್ಲಿಷ್ ಚೀಟಿಯೊಂದೇ ಗತಿ.

ಐವತ್ತೆಂಟರ ಹೆಂಗಸು ಆ ಚೀಟಿ ಹಿಡಿದು ಕಂಡಕಂಡವರ ಮುಂದೆ ನಿಂತಳು. ಒಬ್ಬ ತರುಣ ತನ್ನ ಕಾರ್ಡಿನಿಂದ ಮಗಳಿಗೆ ಫೋನು ಮಾಡಿಸಿದ. ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಬಿಸಿನೀರು ತಂದುಕೊಟ್ಟು, ತನಗೂ ಮೊಮ್ಮಗನಿದ್ದಾನೆಂದು ಕೈಸನ್ನೆಯಲ್ಲಿ ತೋರಿಸಿದಳಂತೆ. ಬೆಳಗಿನ ಜಾವ ಅಕ್ಕ ಬಚ್ಚಲಿನಲ್ಲಿ ಮುಖ ತೊಳೆದು, ಕುರ್ಚಿಯ ಮೇಲೆಯೇ ಕುಳಿತು ಲಿಂಗಪೂಜೆ ಮುಗಿಸಿದಳು. ಮತ್ತೆ ತಪಾಸಣೆಯಲ್ಲಿ ಕೊರಳ ಬೆಳ್ಳಿಯ ಕರಡಿಗೆಗೆ ಯಂತ್ರ ಕೂಗಿಕೊಂಡಿತು. ಅಧಿಕಾರಿಣಿ ಕೈ ಚಾಚಿದಾಗ ಅಕ್ಕ "ಗಾಡ್" ಎಂದು, ತಾನೇ ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದಳು. ಆಕೆ ಬಾಗಿ ನೋಡಿ, ಮುಟ್ಟದೆ, ಹೋಗೆಂದಳು. ಎಲ್ಲರೂ ಹೀಗೆಯೇ ಇರುತ್ತಾರೆಂದು ನಂಬುವಂತಿಲ್ಲ. ಇಷ್ಟಲಿಂಗದ ವಿಷಯವನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಂಡು, ಮರೆಯಲ್ಲಿ ತಪಾಸಣೆ ಮಾಡಿರೆಂದು ಮೊದಲೇ ಕೇಳುವುದು ಮೇಲು.

ಷಿಕಾಗೋದಲ್ಲಿ ಅಕ್ಕ ಐದು ತಿಂಗಳಿದ್ದಳು. ಮನೆಯ ಸುತ್ತ ಹಿಮ, ಬೀದಿಯಲ್ಲಿ ನರಪಿಳ್ಳೆಯಿಲ್ಲ, ಕಾರಿಲ್ಲದೆ ಎಲ್ಲಿಗೂ ಹೋಗುವಂತಿಲ್ಲ. ಕೂಸಿಗೆ ಎರೆಯುವುದು, ಅಡುಗೆ, ಮತ್ತೆ ಎರೆಯುವುದು. ಊರು ನೋಡಿದ್ದು ಎರಡೇ ಭಾನುವಾರ.

ನಾವು ಅಪಾಯವೆಂದು ಹೆದರುವುದು ದಾರಿಯ ಕಳ್ಳಕಾಕರಿಗೆ. ಈ ತಾಯಂದಿರನ್ನು ಕಾಡುವ ಅಪಾಯಗಳೇ ಬೇರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಹಳೆಯ ಕಾಯಿಲೆಗಳ ಖರ್ಚನ್ನು ಪ್ರವಾಸದ ವಿಮೆಗಳಲ್ಲಿ ಅನೇಕವು ಪೂರ್ತಿಯಾಗಿ ಭರಿಸುವುದಿಲ್ಲ. ಅಲ್ಲಿ ಒಂದು ಸಲ ಹಿಮದಲ್ಲಿ ಜಾರಿ ಬಿದ್ದರೆ ಮಕ್ಕಳ ವರ್ಷಗಳ ಉಳಿತಾಯ ಕರಗೀತು. ವೀಸಾ ಹತ್ತು ವರ್ಷದ್ದೆಂದರೆ ಹತ್ತು ವರ್ಷ ಇರಬಹುದೆಂದಲ್ಲ. ಇಳಿದ ದಿನ ಅಧಿಕಾರಿ ಕೊಡುವ ಗಡುವೇ ಗಡುವು, ಸಾಮಾನ್ಯವಾಗಿ ಆರು ತಿಂಗಳು. ಟಿಕೆಟ್ ಕೊಳ್ಳುವಾಗಲೇ ಗಾಲಿಕುರ್ಚಿಯ ನೆರವು ಕೇಳಿದ್ದರೆ, ದೊಡ್ಡ ನಿಲ್ದಾಣಗಳಲ್ಲಿ ದಾರಿ ತಪ್ಪುವ ಭಯವಿರುವುದಿಲ್ಲ. ಇನ್ನು ಚಟ್ನಿಪುಡಿ: ಅಮೆರಿಕದ ವಿಮಾನಗಳಲ್ಲಿ 2018ರಿಂದ ಕೈಚೀಲದ ಪುಡಿಗಳಿಗೂ ಮಿತಿ ಬಂದಿರುವುದರಿಂದ, ಅದು ದೊಡ್ಡ ಪೆಟ್ಟಿಗೆಯಲ್ಲಿಯೇ ಹೋಗಲಿ.

ನಮ್ಮ ಮನೆಯ ಕದನದ ಸುದ್ದಿ ಅಕ್ಕನಿಗೆ ಮುಟ್ಟಿತು. ಎಪ್ಪತ್ತೆಂಟರ ಆಕೆ ತಿಪಟೂರಿನಿಂದ ಫೋನು ಮಾಡಿದಳು. "ಅಲ್ಲವೇ, ನನ್ನನ್ನು ಏರೋಪ್ಲೇನು ಹತ್ತಿಸುವಾಗ ಒಬ್ಬಳೇ ಹೋಗ್ತಾಳೆ ಅಂತ ನಿನಗೆ ಭಯ ಆಗಲಿಲ್ಲವೇನೆ?" ನಾನು ಮಾತನಾಡಲಿಲ್ಲ. "ಆ ಐದು ತಿಂಗಳಲ್ಲಿ ನಾನು ನನ್ನಷ್ಟಕ್ಕೆ ಇದ್ದದ್ದು ಆ ಒಂದು ರಾತ್ರಿ ಕಣೇ. ಹೆದರಿಕೆ ಆಯಿತು, ಅತ್ತೆ. ಆದರೆ ಈಗ ನೆನಪಿಗೆ ಬರೋದು ಅದೇ. ಷಿಕಾಗೋ ಅಲ್ಲ."

ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ ಒಬ್ಬಳೇ ನಡೆದಳೆಂದು ಬಳಗದಲ್ಲಿ ಎಷ್ಟು ಸಲ ಕೊಂಡಾಡಿದ್ದೇನೋ! ಅನ್ಯರ ಕೆಲಸಕ್ಕೆ ಒಬ್ಬಳೇ ಹೋದರೆ ಸರಿ, ತನ್ನ ಸಂತೋಷಕ್ಕೆ ಒಬ್ಬಳೇ ಹೋದರೆ ತಪ್ಪು ಎಂಬ ಲೆಕ್ಕ ನನ್ನೊಳಗೆ ಎಲ್ಲಿಂದ ಬಂದಿತೋ ತಿಳಿಯದು.

ಆದರೂ ತಾಯಿಯ ಕರುಳು. ಮ್ಯಾನ್ಮಾರಿನ ಗಡಿಯ ವಂಚನೆಯ ಕೂಪಗಳಿಂದ ಐನೂರಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತಂದ ಸುದ್ದಿಯನ್ನು ಮಗಳ ಮುಂದಿಟ್ಟೆ. "ಅಮ್ಮ, ಅವರು ಊರು ನೋಡಲು ಹೋದವರಲ್ಲ, ಸುಳ್ಳು ಕೆಲಸದ ಆಸೆಗೆ ಸಿಕ್ಕಿದವರು" ಎಂದಳು. ಅದು ನಿಜವೇ. ಕೊನೆಗೆ ಒಪ್ಪಂದವಾಯಿತು: ಅಪರಿಚಿತರು ಆಮಿಷವೊಡ್ಡಿ ಕರೆದಲ್ಲಿಗೆ ಹೋಗಕೂಡದು, ಪಾಸ್‌ಪೋರ್ಟನ್ನು ಯಾರ ಬಳಿಯೂ ಒತ್ತೆಯಿಡಕೂಡದು, ಹನೋಯಿಯ ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆ ಕಾಗದದಲ್ಲಿಯೂ ಇರಬೇಕು, ದಿನಕ್ಕೊಂದು ಸಂದೇಶ ಬರಬೇಕು. ದಿನಕ್ಕೆ ಎರಡು ಎಂದು ನಾನು ಹಟ ಹಿಡಿದೆ, ಒಂದಕ್ಕೇ ಇತ್ಯರ್ಥವಾಯಿತು.

ಮುಂದಿನ ತಿಂಗಳು ಹೊರಡುತ್ತಾಳೆ. ಹೋಗುವ, ಬರುವ ಟಿಕೆಟ್ಟುಗಳ ಪ್ರತಿ ದೇವರ ಕೋಣೆಯ ಗೂಡಿನಲ್ಲಿದೆ. ನಮ್ಮ ಯಜಮಾನರು ಮಾತ್ರ ಇನ್ನೂ ಅವಳೊಡನೆ ನೆಟ್ಟಗೆ ಮಾತನಾಡುತ್ತಿಲ್ಲ.